ಅಕ್ಕನ ಹಾಡಿಗೆ ಹೊತ್ತು ನೋಡಿದ್ದು

ಕಂಪ್ಯೂಟರಿನಲ್ಲಿ ಟಿ.ವಿ. ಕಾರ್ಯಕ್ರಮಗಳ ಪಟ್ಟಿ ಬರುವಂತೆ ಮಾಡುತ್ತೇನೆ ಅಂತ ನಾನು ಹೊರಟಾಗ ಮನೆಯವಳು ನಕ್ಕುಬಿಟ್ಟಳು. ‘ರಿಮೋಟ್ ಒತ್ತಿದ್ರೆ ಟಿ.ವಿ. ಬರುತ್ತೆ. ಅದಕ್ಕೆ ಇಷ್ಟೊಂದು ತಂತಿ ಯಾಕ್ರೀ?’ ಕಡೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ತಂತಿಗಳ ನಡುವೆಯೇ ಇದ್ದವನು ನಾನು. ತಂತಿಯ ವಿಷಯದಲ್ಲಿ ಯಾರೂ ನನಗೆ ಬುದ್ಧಿ ಹೇಳಕೂಡದು ಅನ್ನುವ ಕೊಬ್ಬು ನಿವೃತ್ತಿಯಾದ ಮೇಲೂ ಇಳಿದಿರಲಿಲ್ಲ.

ಇಷ್ಟೆಲ್ಲ ಮಾಡಿದ್ದು ಅಕ್ಕನಿಗಾಗಿ. ಅಜ್ಜಂಪುರದಲ್ಲಿರುವ ನನ್ನ ಅಕ್ಕ ಸೋಬಾನೆ ಪದ ಹಾಡುವವಳು. ಸುತ್ತಮುತ್ತ ಯಾರ ಮನೆಯಲ್ಲಿ ಮದುವೆಯಾದರೂ ಹಸೆಯ ಮುಂದೆ ಅವಳಿರಬೇಕು. ಆದರೂ ಅವಳ ಹಾಡು ಎಲ್ಲೂ ಉಳಿದಿಲ್ಲ. ಅವಳು ಬಾಯಿ ತೆರೆದ ಕಡೆಯಲ್ಲೆಲ್ಲ ಮದುವೆ ವಿಡಿಯೋದವರು ಸಿನಿಮಾ ಹಾಡು ಕೂರಿಸಿಬಿಟ್ಟಿರುತ್ತಾರೆ! ಯಾರಾದರೂ ಮೊಬೈಲ್ ಎತ್ತಿದರೆ ‘ಮುಖದ ಮುಂದೆ ಹಿಡೀಬ್ಯಾಡ ಕಣೇ, ಪದ ಮರ್ತೋಗುತ್ತೆ’ ಅಂತ ಅವಳೇ ಗದರುತ್ತಿದ್ದಳು. ಕಳೆದ ವರ್ಷ ಒಂದು ಚಾನೆಲಿನವರು ಬಂದು ಅವಳ ನಾಲ್ಕು ಪದಗಳನ್ನು ಚಿತ್ರೀಕರಿಸಿಕೊಂಡು ಹೋದರು. ಅದಾದ ಕೆಲವೇ ತಿಂಗಳಲ್ಲಿ ಅವಳ ಗಂಟಲಿನಲ್ಲಿ ಒಂದು ಗಡ್ಡೆ ಬೆಳೆದು ದನಿ ಒಡೆಯಿತು. ಗಡ್ಡೆಯನ್ನು ಕುಯ್ದು ತೆಗೆಯಲೇಬೇಕು, ಆಮೇಲೆ ಮಾತು ಬರುತ್ತದೆ, ಹಾಡಿನ ವಿಷಯ ಹೇಳಲಾರೆ ಅಂದರು ಶಿವಮೊಗ್ಗದ ಡಾಕ್ಟರು.

‘ಹಾಡೋಕಾಗ್ದಿದ್ರೆ ಹೋಗ್ಲಿ ಬಿಡೋ’ ಅಂದಳು ಅಕ್ಕ, ಒಡೆದ ದನಿಯಲ್ಲೇ. ‘ನಾನು ಹೆಂಗ್ ಹಾಡ್ತಿದ್ದೆ ಅಂತ ನಾನೇ ಒಂದ್ಸಲನೂ ಕೇಳಿಲ್ಲ ಕಣೋ. ಟಿ.ವಿ.ಯಾಗೆ ಬಂದಾಗ ಹಿಡಿದಿಟ್ಟು ಕೊಡ್ತೀಯಾ?’

ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಇಷ್ಟು ವರ್ಷದಲ್ಲಿ ನನ್ನ ಹತ್ತಿರ ಏನಾದರೂ ಬೇಕು ಅಂತ ಕೇಳಿದ್ದು ಅದೇ ಮೊದಲು.

ಚಾನೆಲಿಗೆ ಫೋನ್ ಮಾಡಿದೆ. ‘ಮುಂದಿನ ತಿಂಗಳು ಯಾವತ್ತಾದ್ರೂ ಬರುತ್ತೆ ಸಾರ್, ಒಂದೇ ಸಲ. ಆಮೇಲೆ ಮೊಬೈಲಲ್ಲಿ ಸಿಗೋದು ಗ್ಯಾರಂಟಿ ಇಲ್ಲ. ಪಟ್ಟಿ ನೋಡ್ತಾ ಇರಿ’ ಅಂದರು. ನೋಡುತ್ತಲೇ ಇರೋಣ ಅಂತ ತಾರಸಿಯ ಡಿಶ್ಶಿನಿಂದ ಕೇಬಲ್ ಇಳಿಸಿ, ಹೆಬ್ಬೆರಳಿನಷ್ಟಿದ್ದ ಒಂದು ಸಾಧನದ ಮೂಲಕ ಅದನ್ನು ಕಂಪ್ಯೂಟರಿಗೆ ಚುಚ್ಚಿದೆ. ಪಟ್ಟಿ ತೋರಿಸುವ ಸಾಫ್ಟ್‌ವೇರನ್ನೂ ಹಾಕಿಕೊಂಡೆ. ಪಟ್ಟಿಯಲ್ಲಿ ಬೇಕಾದ ಕಾರ್ಯಕ್ರಮವನ್ನು ಒತ್ತಿಟ್ಟರೆ ಸಾಕು, ಆ ಹೊತ್ತಿಗೆ ಕಂಪ್ಯೂಟರು ತಾನೇ ಎದ್ದು ಅದನ್ನು ರೆಕಾರ್ಡ್ ಮಾಡಿಕೊಳ್ಳುತ್ತದೆ.

ಮೊದಲ ಸಲ ಆ ಪಟ್ಟಿ ಪರದೆಯ ತುಂಬ ಹರಡಿಕೊಂಡಾಗ ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಎಡಕ್ಕೆ ಚಾನೆಲುಗಳು, ಮೇಲೆ ಗಂಟೆಗಳು, ನಡುವೆ ಚೌಕ ಚೌಕ ಚೌಕ. ಇನ್ನೂ ಹುಟ್ಟದ ಶುಕ್ರವಾರದ ಒಂದೊಂದು ನಿಮಿಷಕ್ಕೂ ಯಾರೋ ಹೆಸರಿಟ್ಟು ಕೂರಿಸಿದ್ದರು. ಯಾರು ಆ ಪುಣ್ಯಾತ್ಮರು? ಎಲ್ಲಿದ್ದಾರೆ? ಯಾವ ಊರಿನವರೋ ಏನೋ, ಯಾರೂ ಕೇಳದಿದ್ದರೂ ದಿನಾ ಬೆಳಿಗ್ಗೆ ಆ ಪಟ್ಟಿಯ ಕಡತವನ್ನು ಹೊಸದು ಮಾಡಿ ಇಂಟರ್ನೆಟ್ಟಿನಲ್ಲಿ ಇಟ್ಟಿರುತ್ತಿದ್ದರು. ಅಬ್ಬಾ ಅನ್ನಿಸಿತು. ಮೂವತ್ತು ವರ್ಷ ಯಂತ್ರಗಳ ಜೊತೆ ಏಗಿದವನಿಗೆ ಮೈಮೇಲೆ ಮುಳ್ಳೆದ್ದವು.

ಪರೀಕ್ಷೆಗೆ ಅಂತ ಮರುದಿನದ ಸಂಜೆ ವಾರ್ತೆಯ ಚೌಕವನ್ನು ಒತ್ತಿಟ್ಟೆ. ಆಮೇಲೆ ತೆರೆದು ನೋಡಿದರೆ ವಾರ್ತೆಯೂ ಇಲ್ಲ, ಗೀರ್ತೆಯೂ ಇಲ್ಲ, ಒಬ್ಬ ಹೆಂಗಸು ಬದನೆಕಾಯಿ ಎಣ್ಣೆಗಾಯಿ ಮಾಡುತ್ತಿದ್ದಳು. ಇನ್ನೊಂದು ಸಲ ಒತ್ತಿದೆ, ಇನ್ನೇನೋ ಬಂತು. ಸಾಫ್ಟ್‌ವೇರನ್ನು ಮೂರು ಸಲ ತೆಗೆದು ಮೂರು ಸಲ ಹಾಕಿದೆ. ಸಿಟ್ಟಿನಲ್ಲಿ ತಾರಸಿ ಹತ್ತಿ ಡಿಶ್ಶನ್ನು ತಿರುಗಿಸಿದೆ, ಇದ್ದ ಚಾನೆಲುಗಳೂ ಹೋದವು. ಅವನ್ನು ವಾಪಸ್ ತರುವಷ್ಟರಲ್ಲಿ ಅರ್ಧ ದಿನ ಹಾಳಾಯಿತು. ಅಕ್ಕನಿಗೆ ಮಾತು ಕೊಟ್ಟು ಎಂಥಾ ಪೆದ್ದನಾದೆ ಅಂತ ನನ್ನನ್ನೇ ಬೈದುಕೊಂಡೆ.

ಆ ವಾರ ಭಾವ ಕಡೂರಿಗೆ ಬಂದರು. ಅಕ್ಕನ ಗಂಡ ಅವರು, ಅಯ್ಯನವರ ಮನೆತನದವರು. ಮದುವೆಗೆ, ಮನೆ ಕಟ್ಟುವುದಕ್ಕೆ ಜನ ಅವರ ಹತ್ತಿರ ಹೊತ್ತು ಕೇಳಿಕೊಂಡು ಬರುತ್ತಾರೆ. ಅವರ ಪಂಚಾಂಗವನ್ನು ಛೇಡಿಸುವುದು ಮೊದಲಿನಿಂದಲೂ ನನ್ನ ಚಾಳಿ. ಈ ಸಲ ಸರದಿ ಅವರದಾಗಿತ್ತು.

‘ಏನಪ್ಪಾ, ನಿನ್ ಪಂಚಾಂಗ ಕೈ ಕೊಡ್ತಂತೆ?’

‘ಪಂಚಾಂಗ ಅಲ್ಲ ಭಾವ, ಟಿ.ವಿ. ಗೈಡು. ಇದ್ರಾಗೆ ರಾಹುಕಾಲ ಗೀಹುಕಾಲ ಬರಲ್ಲ.’

ಅವರು ಕನ್ನಡಕ ಏರಿಸಿ, ಪರದೆಯ ಹತ್ತಿರ ಬಗ್ಗಿ, ಒಂದು ಸಾಲಿನ ಉದ್ದಕ್ಕೂ ನಿಧಾನವಾಗಿ ಬೆರಳಾಡಿಸಿದರು. ‘ಬೆಳಗಿನ ವಚನ ಗಾಯನ ರಾತ್ರಿ ಹನ್ನೆರಡೂವರೆಗೆ ಹಾಕವ್ರಲ್ಲೋ. ಆರು ಗಂಟೆಗಲ್ವಾ ಅದು ಬರೋದು?’

‘ತಪ್ಪು ತಪ್ಪಾಗಿ ತೋರಿಸ್ತೈತೆ ಅಂತಲೇ ನಾನು ಬಡ್ಕೊಳ್ತಿರೋದು!’

‘ಸಂಜೆ ಏಳರ ವಾರ್ತೆ?’

‘ಮಧ್ಯಾಹ್ನ ಒಂದೂವರೆ ಅಂತೈತೆ.’

ಭಾವ ಬೆರಳಿನ ಗೆಣ್ಣು ಎಣಿಸಿದರು. ‘ಅದೂ ಐದೂವರೆ ಗಂಟೆ ಹಿಂದೆ, ಇದೂ ಐದೂವರೆ ಗಂಟೆ ಹಿಂದೆ. ಎಲ್ಲಾ ಒಂದೇ ಲೆಕ್ಕದಾಗೆ ತಪ್ಪಿದ್ರೆ ಅದು ತಪ್ಪಲ್ಲ ಕಣಪ್ಪಾ. ಯಾವೂರಿನ ಸೂರ್ಯೋದಯಕ್ಕೆ ಗುಣಿಸವ್ರೆ ನೋಡು. ನಮ್ಮೂರಿಂದಲ್ಲ ಇದು.’ ಅವರ ಪಂಚಾಂಗವೂ ಬೇರೆ ಊರಿನದೇ ಅಂತೆ. ಅಜ್ಜಂಪುರದವರಿಗೆ ಹೇಳುವಾಗ ಮೂರೋ ನಾಲ್ಕೋ ನಿಮಿಷ ಕೂಡಿಸಿಯೋ ಕಳೆದೋ ಹೇಳುತ್ತಾರಂತೆ. ಅದನ್ನವರು ಯಾವತ್ತೂ ನನಗೆ ಹೇಳಿರಲಿಲ್ಲ, ನಾನೂ ಕೇಳಿದವನಲ್ಲ.

ಪಟ್ಟಿಯ ಕಡತ ತೆರೆದೆ. ಪ್ರತಿಯೊಂದು ಹೊತ್ತಿನ ಮುಂದೆಯೂ ಒಂದು ಕೂಡುವ ಗುರುತು, ನಾಲ್ಕು ಸೊನ್ನೆ. ನೂರು ಸಲ ಕಣ್ಣಿಗೆ ಬಿದ್ದಿದ್ದರೂ ಏನೋ ಕಸ ಅಂತ ಬಿಟ್ಟಿದ್ದೆ. ಅಂದರೆ ಅದು ಲಂಡನ್ ಕಡೆಯ ಹೊತ್ತು, ನಮಗಿಂತ ಐದೂವರೆ ಗಂಟೆ ಹಿಂದೆ. ಸಾಫ್ಟ್‌ವೇರು ಅದನ್ನೇ ನಮ್ಮ ಹೊತ್ತು ಅಂದುಕೊಂಡಿತ್ತು. ಐದೂವರೆ ಗಂಟೆ ಕೂಡಿಸು ಅಂತ ಕೊಟ್ಟು ಗುಂಡಿ ಒತ್ತಿದೆ. ಇಡೀ ಪಟ್ಟಿ, ಅಷ್ಟೂ ಚಾನೆಲು, ಅಷ್ಟೂ ದಿನ, ಒಮ್ಮೆಲೇ ಬಲಕ್ಕೆ ಸರಿದು ಕೂತಿತು. ವಚನ ಗಾಯನ ಬೆಳಿಗ್ಗೆ ಆರಕ್ಕೆ ಬಂತು. ನಾನು ಭಾವನವರ ಕಾಲಿಗೆ ಬಿದ್ದೆ. ತಮಾಷೆಗಲ್ಲ, ನಿಜವಾಗಿ ಬಿದ್ದೆ.

‘ಏಳೋ ಲೇ, ಹಬ್ಬ ಅಲ್ಲ ಹುಣ್ಣಿಮೆ ಅಲ್ಲ’ ಅಂದರು ಅವರು, ನಾಚಿಕೊಂಡು.

ಹತ್ತು ದಿನದ ಮೇಲೆ ಒಂದು ಬುಧವಾರದ ಚೌಕದಲ್ಲಿ ‘ಅಜ್ಜಂಪುರದ ಸೋಬಾನೆ ಪದಗಳು’ ಅಂತ ಕಾಣಿಸಿತು. ಬೆಳಿಗ್ಗೆ ಹತ್ತೂವರೆಗೆ. ಅಕ್ಕನ ಆಪರೇಷನ್ನಿಗೆ ಡಾಕ್ಟರು ಕೊಟ್ಟಿದ್ದೂ ಅದೇ ಬುಧವಾರ ಬೆಳಿಗ್ಗೆ. ಭಾವ ಆ ದಿನ ಬಂದು ಬೆರಳಾಡಿಸದೇ ಇದ್ದಿದ್ದರೆ ಕಂಪ್ಯೂಟರು ಬೆಳಗಿನ ಜಾವ ಐದಕ್ಕೆ ಎದ್ದು, ಇನ್ಯಾವುದನ್ನೋ ಹಿಡಿದಿಟ್ಟು ಮಲಗಿಬಿಡುತ್ತಿತ್ತು. ಹದಿನೈದು ನಿಮಿಷ ಮುಂಚೆ ಶುರುವಾಗಲಿ, ಅರ್ಧ ಗಂಟೆ ತಡವಾಗಿ ನಿಲ್ಲಲಿ ಅಂತ ಒತ್ತಿಟ್ಟು, ಕರೆಂಟು ಹೋದರೂ ಇರಲಿ ಅಂತ ಎಲ್ಲವನ್ನೂ ಇನ್ವರ್ಟರಿಗೆ ಸೇರಿಸಿದೆ. ಮನೆಗೆ ಬೀಗ ಹಾಕಿ ಗಂಡಹೆಂಡಿರಿಬ್ಬರೂ ಶಿವಮೊಗ್ಗಕ್ಕೆ ಹೊರಟೆವು.

ಅಕ್ಕನನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಭಾವ ಆಸ್ಪತ್ರೆಯ ಗಡಿಯಾರದಿಂದ ಕಣ್ಣು ಕೀಳಲಿಲ್ಲ. ಹತ್ತೂವರೆಯಾದಾಗ ‘ಈಗ ಹಾಡ್ತಾವ್ಳೆ’ ಅಂದರು. ನಾನು ತಲೆಯಾಡಿಸಿದೆ. ಗೋಡೆಯ ಆಚೆ ಅವಳ ಗಂಟಲು ಕುಯ್ಯುತ್ತಿದ್ದಾರೆ, ಕಡೂರಿನಲ್ಲಿ ಬೀಗ ಹಾಕಿದ ಮನೆಯೊಳಗೆ ಅದೇ ಗಂಟಲು ಹಾಡುತ್ತಿದೆ.

ಆಪರೇಷನ್ ಸಲೀಸಾಗಿ ಆಯಿತು. ಒಂದು ವಾರ ಮಾತಾಡಬೇಡಿ ಅಂತ ಹೇಳಿ ನಾಲ್ಕನೆಯ ದಿನ ಮನೆಗೆ ಕಳಿಸಿದರು. ತರೀಕೆರೆಯಲ್ಲಿ ಕಾರು ಅಜ್ಜಂಪುರದ ಕಡೆಗೆ ತಿರುಗಬೇಕು. ಅಕ್ಕ ಮುಂದಿನ ಸೀಟನ್ನು ಪಟಪಟ ಬಡಿದು, ನೇರ ಹೋಗು ಅಂತ ಕೈ ತೋರಿಸಿದಳು. ‘ಮೊದ್ಲು ಮನೆಗೋಗಿ ಸುಧಾರಿಸ್ಕೊಳ್ಳೇ’ ಅಂತ ಭಾವ ಹೇಳಿದರೂ ಕೇಳಲಿಲ್ಲ. ಸೀದಾ ಕಡೂರಿಗೇ ಬಂದೆವು.

ರೆಕಾರ್ಡಾದ ಕಡತ ಇತ್ತು. ಮುಂಚಿನ ಕಾರ್ಯಕ್ರಮದ ಬಾಲ, ಎರಡು ಜಾಹೀರಾತು, ಆಮೇಲೆ ಜಗಲಿಯ ಮೇಲೆ ಕೂತ ಅಕ್ಕ. ಹಾಡು ಶುರುವಾಯಿತು. ಕುತ್ತಿಗೆಗೆ ಬ್ಯಾಂಡೇಜು ಸುತ್ತಿಕೊಂಡು ನನ್ನ ಪಕ್ಕ ಕೂತಿದ್ದ ಅಕ್ಕ ಮೊದಲು ನಾಚಿಕೊಂಡು ಸೆರಗನ್ನು ಬಾಯಿಗೆ ಹಿಡಿದಳು. ಎರಡನೆಯ ಪದಕ್ಕೆ ಪರದೆ ನೋಡುವುದನ್ನು ಬಿಟ್ಟು ಕಣ್ಣು ಮುಚ್ಚಿದಳು. ಮೂರನೆಯದಕ್ಕೆ ಅವಳ ಕೆನ್ನೆ ಒದ್ದೆಯಾಗಿತ್ತು. ದನಿ ಹೋಯಿತಲ್ಲ ಅಂತ ಅಳುತ್ತಿದ್ದಾಳೆ ಅಂದುಕೊಂಡು ನಾನು ಆಫ್ ಮಾಡಲು ಹೋದೆ. ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು. ಡಾಕ್ಟರ ಮಾತು ಮೀರಿ, ಉಸಿರಿನಷ್ಟೇ ದನಿಯಲ್ಲಿ ಹೇಳಿದಳು:

‘ಇದು ನಾನಲ್ಲ ಕಣೋ. ಅವ್ವ. ಹಿಂಗೇ ಹಾಡ್ತಿದ್ದದ್ದು ಅವ್ವ.’

ಅವ್ವ ತೀರಿಹೋದಾಗ ನನಗೆ ಎರಡು ವರ್ಷ. ಮುಖದ ನೆನಪೂ ಇಲ್ಲ. ಮನೆಯಲ್ಲಿ ಒಂದು ಫೋಟೋ ಕೂಡ ಇಲ್ಲ. ನಾನು ಅಕ್ಕನ ಕಾಲ ಹತ್ತಿರ ನೆಲದ ಮೇಲೆ ಕೂತೆ. ನಾಲ್ಕನೆಯ ಪದ ಶುರುವಾಗಿತ್ತು. ಅರವತ್ತೆರಡನೆಯ ವಯಸ್ಸಿನಲ್ಲಿ ಮೊದಲ ಸಲ ನಾನು ನಮ್ಮವ್ವ ಹಾಡುವುದನ್ನು ಕೇಳಿದೆ.