ಬಸಪ್ಪನವರ ಒಸಡು

ನಾನು ಅಳವಂಡಿಯಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದಾಗ ಬಸಪ್ಪ ಎಂಬ ರೈತರು ಹೆಂಡತಿ ನೀಲವ್ವನ ಜೊತೆ ಜಗಳವಾಡುತ್ತಲೇ ಬಂದರು. ತಪ್ಪದೆ ಗುಳಿಗೆ ನುಂಗಿದರೂ ಅವರ ಸಕ್ಕರೆ ಕಾಯಿಲೆ ಹಿಡಿತಕ್ಕೆ ಬಂದಿರಲಿಲ್ಲ.

"ಇವರು ಕದ್ದು ಬೆಲ್ಲ ತಿಂತಾರ್ರಿ," ಎಂದರು ನೀಲವ್ವ.

"ದೇವರಾಣಿ ಇಲ್ರಿ! ಚಾ ಸೈತ ಸಪ್ಪಗ ಕುಡಿತೀನಿ," ಎಂದು ಬಸಪ್ಪ ಸಿಟ್ಟಿನಿಂದ ಕೈಯಲ್ಲಿದ್ದ ಪೇರಲ ಹಣ್ಣು ಕಚ್ಚಿದರು. ಕಚ್ಚಿದ ಜಾಗದಲ್ಲಿ ರಕ್ತ ಕಂಡಿತು.

"ಹಲ್ಲುಜ್ಜುವಾಗಲೂ ರಕ್ತ ಬರ್ತದೇನ್ರಿ?" ಎಂದು ಕೇಳಿದೆ.

"ವರ್ಷಾತ್ರಿ. ನೀವು ಸಕ್ರಿ ನೋಡವ್ರೋ, ಹಲ್ಲು ನೋಡವ್ರೋ?"

ಒಸಡಿನಲ್ಲಿ ಸೋಂಕಿದ್ದರೆ ಸಕ್ಕರೆ ಇಳಿಯುವುದು ಕಷ್ಟ ಎಂದು ವಿವರಿಸಿದೆ. ಬಸಪ್ಪ ನಂಬಲಿಲ್ಲ. ನೀಲವ್ವನೇ ಅವರನ್ನು ಕೊಪ್ಪಳದ ಹಲ್ಲಿನ ಡಾಕ್ಟರ ಹತ್ತಿರ ಎಳೆದೊಯ್ದರು.

ಮೂರು ತಿಂಗಳ ನಂತರ ಇಬ್ಬರೂ ಮತ್ತೆ ಬಂದರು. ಒಸಡು ವಾಸಿಯಾಗಿತ್ತು, ಸಕ್ಕರೆಯೂ ಇಳಿದಿತ್ತು. ಬಸಪ್ಪ ವರದಿಯನ್ನು ಹೆಂಡತಿಯ ಮುಂದೆ ಹಿಡಿದು, "ನಾ ಬೆಲ್ಲ ತಿಂದಿಲ್ಲಂತ ಈಗರ ನಂಬ್ತಿ ಏನ?" ಎಂದರು.

"ತಪ್ಪಾತು ಬಿಡ್ರಿ," ಎಂದು ನಕ್ಕ ನೀಲವ್ವ ನನ್ನತ್ತ ತಿರುಗಿದರು. "ನೀವು ಯಾವಾಗ ಹಲ್ಲು ತೋರಿಸೀರಿ?"

ನಾನು ಬಾಯಿ ಮುಚ್ಚಿಕೊಂಡೇ ನಕ್ಕೆ. ಹಲ್ಲಿನ ಡಾಕ್ಟರ ಕುರ್ಚಿ ಎಂದರೆ ನನಗೆ ಭಾಳ ಹೆದರಿಕೆ.