ಕೇಳಿಸುವುದಿಲ್ಲ ಎಂದು ಒಪ್ಪಿಕೊಂಡದ್ದು

ಧಾರವಾಡ ಬಿಟ್ಟು ಬಂದ ಈ ಮರಾಠಿ ಊರಿನಲ್ಲಿ, ಸ್ವಾರಗೇಟದ ಹತ್ತಿರ ಬಸ್ ರಿಪೇರಿಯ ವರ್ಕ್‌ಶಾಪಿನಲ್ಲಿ ನಾನು ಮೂವತ್ತೊಂದು ವರ್ಷ ಮೆಕ್ಯಾನಿಕ್ ಆಗಿದ್ದೆ. ನಿವೃತ್ತನಾಗಿ ಒಂಬತ್ತು ವರ್ಷವಾದ ಮೇಲೆ ಒಂದು ಮಧ್ಯಾಹ್ನ, ಅದೇ ಸ್ವಾರಗೇಟದಲ್ಲಿ ತರಕಾರಿ ಚೀಲ ಹಿಡಿದು ನಿಂತವನಿಗೆ, ಧನಕವಡಿಯ ಮನೆಗೆ ಯಾವ ಬಸ್ಸು ಹತ್ತಬೇಕೆಂಬುದೇ ಹೊಳೆಯಲಿಲ್ಲ. ಯಾರನ್ನಾದರೂ ಕೇಳಬಹುದಿತ್ತು. ಅವರ ಉತ್ತರ ಕೇಳಿಸದಿದ್ದರೆ ಎಂಬ ಅಂಜಿಕೆ. ನಾಲ್ಕೈದು ಬಸ್ಸು ಹೋಗಲು ಬಿಟ್ಟು ಕೊನೆಗೆ ರಿಕ್ಷಾದಲ್ಲಿ ಮನೆ ಮುಟ್ಟಿದೆ. ತಡವೇಕೆಂದು ಹೆಂಡತಿ ಕೇಳಿದಾಗ ಟ್ರಾಫಿಕ್ ಎಂದೆ.

ಅಂದಿನಿಂದ ಕೂತಲ್ಲಿ ಕೂಡಲಾಗಲಿಲ್ಲ. ಏಳುವ ಮೊದಲೇ ಹತ್ತೊಂಬತ್ತರ ಮಗ್ಗಿ ಹೇಳಿಕೊಳ್ಳುತ್ತಿದ್ದೆ. ತಪ್ಪಿದರೆ ಮತ್ತೆ ಮೊದಲಿನಿಂದ. ಹಳೆಯ ಸಹೋದ್ಯೋಗಿಗಳ ಹೆಸರನ್ನು ಚೀಟಿಯಲ್ಲಿ ಬರೆದು ಕಿಸೆಯಲ್ಲಿಟ್ಟುಕೊಂಡು, ಸಂಜೆ ನೋಡದೆ ಹೇಳಿ ತಾಳೆ ನೋಡುತ್ತಿದ್ದೆ. ಧಾರವಾಡದಲ್ಲಿ ನನ್ನವ್ವ ಕೊನೆಯ ವರ್ಷಗಳಲ್ಲಿ ನನ್ನನ್ನು ತನ್ನ ಅಣ್ಣನೆಂದು ತಿಳಿದು ಮಾತಾಡಿಸುತ್ತಿದ್ದಳು. ಅದೇ ಕಣ್ಣ ಮುಂದೆ ಬರುತ್ತಿತ್ತು.

ಅಂಗಿ ಒಗೆಯುವಾಗ ಚೀಟಿಗಳು ಹೆಂಡತಿಯ ಕೈಗೆ ಸಿಕ್ಕವು. ಅವಳು ಬೈಯಲಿಲ್ಲ. ಎಲ್ಲ ಹೇಳಿಸಿಕೊಂಡು ಮರುದಿನವೇ ಡಾಕ್ಟರ ಬಳಿ ಕರೆದೊಯ್ದಳು.

ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಮರಾಠಿಯಲ್ಲಿ ಐದು ಶಬ್ದ ಹೇಳಿ, ತಿರುಗಿ ಹೇಳಿರೆಂದರು. ಎರಡು ತಪ್ಪಿದವು. ಆಕೆ ಕುರ್ಚಿ ಹತ್ತಿರ ಎಳೆದುಕೊಂಡು ಅವನ್ನೇ ಗಟ್ಟಿಯಾಗಿ ಹೇಳಿದರು. ಈ ಸಲ ಐದೂ ಸರಿಯಾದವು. ಸ್ವಲ್ಪ ಹೊತ್ತಿನ ಮೇಲೆ ನಾಲ್ಕು ನೆನಪಿದ್ದವು. ಆಮೇಲೆ ನನ್ನ ಕೆಲಸದ ಬಗ್ಗೆ ವಿಚಾರಿಸಿದರು. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಗದ್ದಲ, ಡೀಸೆಲ್ ಹೊಗೆ, ತಂಬಾಕು, ಮನಸ್ಸು ಬಂದಾಗ ನುಂಗುವ ಬಿಪಿ ಗುಳಿಗೆ, ಎಲ್ಲ ಹೇಳಿದೆ. ದಿನಕ್ಕೆ ಎಷ್ಟು ಜನರ ಜೊತೆ ಮಾತಾಡುತ್ತೀರಿ ಎಂಬ ಪ್ರಶ್ನೆಗೆ ಮಾತ್ರ, ಮನೆಯಲ್ಲಿ ಹೆಂಡತಿ ಇದ್ದಾಳಲ್ಲ ಎಂದಷ್ಟೇ ಹೇಳಿದೆ.

ಹೆಂಡತಿ ನನ್ನ ಕಡೆ ತಿರುಗಿದಳು. "ಹೇಳ್ರಿ. ಗೆಳ್ಯಾರ ಜೋಡಿ ಕಟ್ಟಿ ಮ್ಯಾಲೆ ಕೂಡೋದು ಬಿಟ್ಟು ನಾಕ ವರ್ಷ ಆತು. ಕೇಳಸಂಗಿಲ್ಲ ಅಂತ ಒಬ್ಬರ ಮುಂದೂ ಒಪ್ಪಂಗಿಲ್ಲ."

ಮರೆವಿಗೆ ಇವುಗಳಲ್ಲಿ ಯಾವುದು ಕಾರಣವೆಂದು ಬೆರಳಿಟ್ಟು ತೋರಿಸಲಾಗದು, ಒಳಗೆ ಹೋದ ಹೊಗೆಯನ್ನು ಹೊರಗೆ ತೆಗೆಯಲೂ ಆಗದು ಎಂದರು ಡಾಕ್ಟರು. ಕಿವಿ, ತಂಬಾಕು, ಬಿಪಿ, ಜನರ ಸಹವಾಸ, ಇಷ್ಟು ಇನ್ನೂ ನಿಮ್ಮ ಕೈಯಲ್ಲಿದೆ ಎಂದರು.

ಕಿವಿಗೆ ಮಷಿನ್ ಬಂತು. ಮೊದಲ ದಿನ ಕುಕ್ಕರಿನ ಸೀಟಿ, ಪಾತ್ರೆಗಳ ಸದ್ದು ತಾಳಲಾರದೆ ತಾಸಿನೊಳಗೆ ಕಿತ್ತಿಟ್ಟೆ. ಮೂರನೆಯ ದಿನ ಅಡುಗೆಮನೆಯಲ್ಲಿ ಹೆಂಡತಿ ಯಾರ ಜೊತೆಯೋ ಮಾತಾಡುವುದು ಕೇಳಿಸಿತು. ಹೋಗಿ ನೋಡಿದರೆ ಅವಳೊಬ್ಬಳೇ. ಮೆಂತ್ಯ ಸೊಪ್ಪು ಸೋಸುತ್ತ, ತಂಗಿಯ ಮೊಣಕಾಲಿನ ಆಪರೇಷನ್ ಸುದ್ದಿಯನ್ನೆಲ್ಲ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಹೀಗೆ ಎಂದಿನಿಂದ ಎಂದು ಕೇಳಿದೆ.

"ನೀವು ಕೇಳೋದು ಬಿಟ್ಟಾಗಿಂದ," ಎಂದಳು. "ಯಾರಿಗರೆ ಹೇಳಬೇಕಲ್ರಿ."

ನನಗೆ ಮರೆವಿನ ಅಂಜಿಕೆಗಿಂತ ಆ ಮಾತೇ ಹೆಚ್ಚು ನಾಟಿತು. ಮಣೆ ಎಳೆದುಕೊಂಡು ಕೂತು, ಮೊದಲಿನಿಂದ ಹೇಳು ಎಂದೆ.

ಎರಡು ಸಲ ಸೋತು ಮೂರನೆಯ ಸಲ ತಂಬಾಕು ಬಿಟ್ಟೆ. ಮೊನ್ನೆಯ ಪರೀಕ್ಷೆಯಲ್ಲಿ ನೆನಪು ಏರಿಲ್ಲ, ಇಳಿದೂ ಇಲ್ಲ. ಡಾಕ್ಟರಿಗೆ ಸಮಾಧಾನ, ನನಗೆ ಪೂರ್ತಿ ಇಲ್ಲ. ಒಂದು ಹೆಸರು ತಪ್ಪಿದರೆ ಇವತ್ತಿಗೂ ಚೀಟಿಗಾಗಿ ಕಿಸೆಗೆ ಕೈ ಹೋಗುತ್ತದೆ. ಆದರೂ ದಿನಾ ಸಂಜೆ ಕಟ್ಟೆಗೆ ಹೋಗುತ್ತೇನೆ. ಅಲ್ಲಿ ಒಬ್ಬರು ಯಾರೇನು ಹೇಳಿದರೂ ನಕ್ಕು ತಲೆಯಾಡಿಸುತ್ತಾರೆ. ಆ ನಗೆ ನನಗೆ ಗೊತ್ತು. ಅವರ ಪಕ್ಕ ಕೂತು ಕಿವಿಯ ಹತ್ತಿರ, ನಿಮಗೂ ಕೇಳಿಸುವುದಿಲ್ಲವೇ ಎಂದು ಕೇಳಿದಾಗ ಮೊದಲು ಸಿಟ್ಟಾದರು. ನಿನ್ನೆ ತಾವಾಗಿಯೇ ಬಂದು, ಕಿವಿ ಎಲ್ಲಿ ತೋರಿಸಿದಿರಿ ಎಂದು ವಿಚಾರಿಸಿದರು. ಸೋಮವಾರ ಇಬ್ಬರೂ ಹೋಗುವವರಿದ್ದೇವೆ.