ಗಂಗೆ ಆರಿಸಿದ ಗರಗಸ

ಇಡಗುಂದಿಯ ಗಂಗೆಗೆ ಮರದ ಗುಣವನ್ನು ಕಲಿಸಿದ್ದು ಅವಳ ಭುಜಗಳು. ಮದುವೆಯಾಗಿ ಬಂದ ವರ್ಷ, ತೊಂಬತ್ತೊಂದರಲ್ಲಿ, ಗಂಡ ಮಾದೇವ ಎಳೆಗರಗಸದ ಒಂದು ತುದಿಯನ್ನು ಅವಳ ಕೈಗೆ ಕೊಟ್ಟ. ಆಳು ಸಿಗಲಿಲ್ಲ, ಒಂದೆರಡು ದಿನದ ಮಟ್ಟಿಗೆ ಎಂದಿದ್ದ. ಹತ್ತು ವರ್ಷವಾದರೂ ಆ ತುದಿ ಅವಳ ಕೈಯಲ್ಲೇ ಇತ್ತು. ಹಲಸು ಎಲ್ಲಿ ಸಲೀಸಾಗಿ ಬಿಡುತ್ತದೆ, ಮತ್ತಿ ಎಲ್ಲಿ ಹಟ ಹಿಡಿಯುತ್ತದೆ ಎಂಬುದು ಎಳೆಯುವಾಗಲೇ ಅವಳಿಗೆ ತಿಳಿಯುತ್ತಿತ್ತು. ಮನೆಯ ಪಕ್ಕದ ಮಾಡಿನಡಿ ಇಬ್ಬರೂ ಸೇರಿ ಆರಾಮಕುರ್ಚಿ, ಮಣೆ, ತೊಟ್ಟಿಲು ಮಾಡುತ್ತಿದ್ದರು. ತೊಟ್ಟಿಲಿನ ಬಾಗಿದ ಪಟ್ಟಿಗೆ ಗೆರೆ ಹಾಕುವವಳು ಗಂಗೆ. ಯಲ್ಲಾಪುರದವರೆಗೂ ಹೆಸರಾದದ್ದು ಮಾತ್ರ ‘ಮಾದೇವನ ತೊಟ್ಟಿಲು’.

ಎರಡು ಸಾವಿರದ ಒಂದರಲ್ಲಿ ಬ್ಯಾಂಡ್‌ಸಾ ಯಂತ್ರ ಕೊಳ್ಳುವುದೆಂದಾಯಿತು. ಮೇಲೊಂದು ಚಕ್ರ, ಕೆಳಗೊಂದು ಚಕ್ರ, ಎರಡನ್ನೂ ಬಳಸಿ ಓಡುವ ಹಲ್ಲಿನ ಪಟ್ಟಿ. ಯಲ್ಲಾಪುರದಲ್ಲಿ ನಾಗಪ್ಪನೆಂಬ ಮುದಿ ಬಡಗಿಯ ಬಳಿ ಅಂಥದ್ದೊಂದಿತ್ತು. ಗಂಗೆ ಎರಡು ದಿನ ಹೋಗಿ ನಿಂತು ನೋಡಿ ಬಂದಳು. ಕೇಳಿದ್ದಕ್ಕೆಲ್ಲ ನಾಗಪ್ಪ ಬೇಸರಿಸದೆ ಉತ್ತರ ಕೊಟ್ಟ.

ಹುಬ್ಬಳ್ಳಿಯ ಅಂಗಡಿಯಲ್ಲಿ ಎರಡು ಯಂತ್ರಗಳಿದ್ದವು. ಒಂದು ಚಿಕ್ಕದು, ಬೀಡು ಕಬ್ಬಿಣದ್ದು, ನಾಲ್ಕಾಳು ಎತ್ತುವಷ್ಟು ಭಾರ. ಇನ್ನೊಂದು ಆಳೆತ್ತರದ್ದು, ತಗಡಿನ ಮೈ, ಹೊಳೆಯುವ ನೀಲಿ ಬಣ್ಣ. ಗಂಗೆ ಎರಡರ ಚಕ್ರಗಳನ್ನೂ ಕೈಯಿಂದ ತಿರುಗಿಸಿದಳು. ಚಿಕ್ಕದರ ಚಕ್ರ ಸದ್ದಿಲ್ಲದೆ ಸುತ್ತಿತು. ದೊಡ್ಡದರ ಚಕ್ರ ಅತ್ತಿತ್ತ ವಾಲಿ ಯಂತ್ರದ ಮೈಯನ್ನೆಲ್ಲ ನಡುಗಿಸಿತು.

“ಸಣ್ಣದೇ ಸಾಕು,” ಅಂದಳು. “ನಮ್ದು ತೊಟ್ಟಿಲು, ಕುರ್ಚಿ ಕೆಲ್ಸ. ಬಾಗಿಸಿ ಕೊಯ್ಯೂಕೆ ಸಪೂರ ಪಟ್ಟಿ ಬೇಕು. ದಿಮ್ಮಿ ಸೀಳೂದು ನಮ್ಗೆಂತಕೆ? ನಮ್ಮನೆ ಕರೆಂಟು ಇಷ್ಟು ದೊಡ್ಡದ್ನ ಎಳೆಯೂದಿಲ್ಲ.”

ಅಂಗಡಿಯವನು ಅವಳ ಕಡೆ ನೋಡಲೇ ಇಲ್ಲ. “ಇದನ್ನ ಒಯ್ರಿ ಯಜಮಾನ್ರ, ಒಂದೇ ವರ್ಷಕ್ಕ ಮಿಲ್ಲಿನ ಮಾಲಕ ಆಗ್ತೀರಿ. ಮನ್ಯಾಗಿನವ್ರು ಮಿಕ್ಸರ್ ಆರಿಸ್ಲಿ, ಗರಗಸ ನೀವು ಆರಿಸ್ರಿ,” ಎಂದು ನಕ್ಕ.

ಮಾದೇವನೂ ನಕ್ಕ. ನೀಲಿ ಯಂತ್ರ ಲಾರಿ ಹತ್ತಿತು.

ಊರವರು ನೋಡಲು ಬಂದಾಗ ಮಾದೇವ ಯಂತ್ರದ ಪಕ್ಕ ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಿದ್ದ. ಅವನು ಮುಂದಿನಿಂದ ಮರ ಒತ್ತಿದರೆ ಗಂಗೆ ಹಿಂದಿನಿಂದ ಎಳೆದುಕೊಳ್ಳಬೇಕಿತ್ತು. ಕೊಯ್ಯಲು ಹೋದರೆ ಮೋಟರು ನರಳುತ್ತಿತ್ತು, ಪಟ್ಟಿ ಗೆರೆ ಬಿಟ್ಟು ಓಡುತ್ತಿತ್ತು. ತಿಂಗಳಿಗೊಂದಾದರೂ ಪಟ್ಟಿ ತುಂಡಾಗುತ್ತಿತ್ತು. ಪ್ರತಿ ಸಲವೂ ಮಾದೇವ, “ನೀ ಹಿಂದಿಂದ ಸಮಾ ಎಳೀಲಿಲ್ಲ,” ಎನ್ನುತ್ತಿದ್ದ. ಎರಡು ವರ್ಷ ಅವಳು ಅದನ್ನು ಕೇಳಿಸಿಕೊಂಡಳು.

ಮೂರನೆಯ ವರ್ಷದ ಒಂದು ಬೆಳಗ್ಗೆ ಮಾದೇವ ದಪ್ಪ ಮತ್ತಿಯ ತುಂಡೊಂದನ್ನು ಒತ್ತಿದ.

“ಚಕ್ರ ಅಲ್ಲಾಡ್ತದೆ, ನಿಲ್ಸಿ,” ಎಂದು ಗಂಗೆ ಕೂಗಿದಳು.

“ಹಿಡ್ಕ, ಇನ್ನೊಂದು ಗೇಣು,” ಎಂದ ಅವನು.

ಪಟ್ಟಿ ಕಡಿದು ಹಾರಿತು. ಅವಳ ಬಲಗೈಯ ಎರಡು ಬೆರಳು ಹೋದವು.

ಆಸ್ಪತ್ರೆಯಲ್ಲಿ ಹೇಗಾಯಿತೆಂದು ಡಾಕ್ಟರು ಕೇಳಿದಾಗ ಮಾದೇವನೇ ಹೇಳಿದ: “ಹೆಂಗಸ್ರು ಮಷಿನ್ನಿಗೆ ಕೈ ಹಾಕಿದ್ರೆ ಮತ್ತೆಂತಾಗ್ತದೆ ಡಾಕ್ಟ್ರೆ.”

ಡಾಕ್ಟರು ಹೋದ ಮೇಲೆ ಗಂಗೆ ಕೇಳಿದಳು: “ಅಂಗಡೀಲಿ ನಾ ಎಂತ ಹೇಳಿದ್ದೆ?”

“ಈಗ ಅದ್ನ ತೆಗೀಬ್ಯಾಡ.”

ಅವಳು ಗೋಡೆಯ ಕಡೆ ಹೊರಳಿದಳು. ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ.

ಗಾಯ ಮಾಯುವ ಮೊದಲೇ ಮಾದೇವ ನೀಲಿ ಯಂತ್ರವನ್ನು ಗುಜರಿಗೆ ಹಾಕಿ, ಹುಬ್ಬಳ್ಳಿಯಿಂದ ಆ ಭಾರದ ಚಿಕ್ಕ ಯಂತ್ರವನ್ನೇ ತಂದ. ಅದು ಹಲಸನ್ನು ಬೆಣ್ಣೆಯಂತೆ ಕೊಯ್ದಿತು. ತೊಟ್ಟಿಲಿಗೆ ಸಿರ್ಸಿಯಿಂದ, ಸಿದ್ದಾಪುರದಿಂದಲೂ ಗಿರಾಕಿಗಳು ಬಂದರು. ಬೇರೆ ಬಡಗಿಗಳು ಎಂಥ ಯಂತ್ರ ಕೊಳ್ಳಬೇಕೆಂದು ಮಾದೇವನನ್ನೇ ಕೇಳಿಕೊಂಡು ಬರತೊಡಗಿದರು. ಬಾಗಿದ ಕೆಲಸಕ್ಕೆ ಸಪೂರ ಪಟ್ಟಿ, ಮನೆಯ ಕರೆಂಟಿಗೆ ಚಿಕ್ಕ ಮೋಟರು ಎಂದು ಅವನು ಬಿಡಿಸಿ ಹೇಳುತ್ತಿದ್ದ.

“ಮೊದ್ಲು ಒಂದು ತಕಂಡು ಪೆಟ್ಟು ತಿಂದೆ ಮಾರಾಯ. ಆಮೇಲೆ ಸ್ವಂತ ತಲೆ ಓಡ್ಸಿದೆ.”

ಒಳಗೆ ಎಡಗೈಯಲ್ಲಿ ಈಳಿಗೆಮಣೆಯ ಮೇಲೆ ಬದನೆಕಾಯಿ ಹೆಚ್ಚುತ್ತಿದ್ದ ಗಂಗೆಗೆ ಪ್ರತಿ ಮಾತೂ ಕೇಳುತ್ತಿತ್ತು. ಮಾಡಿನಡಿಗೆ ಅವಳು ಕಾಲಿಡುವಂತಿರಲಿಲ್ಲ. “ಇನ್ನೊಂದು ಅನಾಹುತ ಬ್ಯಾಡ,” ಎಂದು ಮಾದೇವ ಎಲ್ಲರೆದುರು ಹೇಳಿಬಿಟ್ಟಿದ್ದ. ಗೆರೆ ಹಾಕಲು ಈಗ ಸಂಬಳದ ಆಳು ಬಂದಿದ್ದ. ಅವನು ಗೆರೆ ಹಾಕಿದ ತೊಟ್ಟಿಲಿನ ಪಟ್ಟಿಗಳು ಒಂದು ಬದಿ ದಪ್ಪವಾಗಿರುವುದು ಅವಳಿಗೆ ಅಂಗಳದಿಂದಲೇ ಕಾಣುತ್ತಿತ್ತು. ಹೇಳಲು ಹೋಗಲಿಲ್ಲ.

ಎರಡು ಸಾವಿರದ ಐದರಲ್ಲಿ ಶಾಲೆಯ ಬಿಸಿಯೂಟಕ್ಕೆ ಅಡುಗೆಯವರು ಬೇಕೆಂದಾಗ ಗಂಗೆ ತಾನಾಗಿಯೇ ಹೊರಟಳು. ಮಾದೇವ ಜೊತೆಗೆ ಬಂದ. ಮುಖ್ಯೋಪಾಧ್ಯಾಯಿನಿ ಪರಿಮಳಾ ಅರ್ಜಿ ತುಂಬುತ್ತ ಕೇಳಿದರು: “ಇಷ್ಟು ವರ್ಷ ಎಂತ ಕೆಲ್ಸ ಮಾಡ್ಕಂಡಿದ್ರಿ?”

ಗಂಗೆ ಬಾಯಿ ತೆರೆಯುವಷ್ಟರಲ್ಲಿ ಮಾದೇವನೆಂದ: “ಎಂತ ಕೆಲ್ಸ? ಮನೇಲೇ ಇದ್ಲು.”

ಪರಿಮಳಾ ಬರೆದುಕೊಂಡು ಕಾಗದವನ್ನು ಅವಳತ್ತ ಸರಿಸಿದರು. ‘ಹಿಂದಿನ ಅನುಭವ: ಇಲ್ಲ.’ ಗಂಗೆ ಅದನ್ನು ನಿಧಾನವಾಗಿ ಓದಿದಳು. ಆಮೇಲೆ ಎಡಗೈಯಲ್ಲಿ ಪೆನ್ನು ಹಿಡಿದು ಸೊಟ್ಟ ಅಕ್ಷರಗಳಲ್ಲಿ ತನ್ನ ಹೆಸರು ಬರೆದು, ಅಕ್ಕಿ ಎಲ್ಲಿಟ್ಟಿದ್ದೀರಿ ಎಂದು ಕೇಳಿದಳು.